ಬಸ್ತಿಹಳ್ಳಿಯಲ್ಲಿ ಲ್ಯಾಪ್‌ಟಾಪ್‌ಗೆ ಮೊಬೈಲ್ ಇಂಟರ್ನೆಟ್

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳು ಒಂದೇ ಆವರಣದಲ್ಲಿವೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗಾಗಿ ಮಗ ಬೊಪ್ಪದೇವ 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ದರ್ಶನಕ್ಕೆ ಬಂದ ದಿನವೇ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನವಾಗಿದ್ದರೆ ಸೈಬರ್ ಸೆಂಟರ್ ಹುಡುಕಿ ಓಡಬೇಕಿಲ್ಲ. ಲ್ಯಾಪ್‌ಟಾಪ್ ಜೊತೆಗಿದ್ದರೆ ಕೈಯಲ್ಲಿರುವ ಮೊಬೈಲೇ ಸಾಕು.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಹಾಟ್‌ಸ್ಪಾಟ್’ ಎಂದು ಹುಡುಕಿ ಆನ್ ಮಾಡಬೇಕು. ಅಲ್ಲಿ ಕಾಣುವ ಹೆಸರನ್ನು ಲ್ಯಾಪ್‌ಟಾಪಿನ ವೈಫೈ ಪಟ್ಟಿಯಲ್ಲಿ ಆರಿಸಿ ಪಾಸ್‌ವರ್ಡ್ ಕೊಟ್ಟರೆ ಸಂಪರ್ಕ ಸಿಗುತ್ತದೆ. ಐಫೋನಿನಲ್ಲಿ ಇದಕ್ಕೆ ‘ಪರ್ಸನಲ್ ಹಾಟ್‌ಸ್ಪಾಟ್’ ಎಂದು ಹೆಸರು. ಪಾಸ್‌ವರ್ಡ್ ಕನಿಷ್ಠ 8 ಅಕ್ಷರವಿರಬೇಕು. ಮೊಬೈಲ್ ನಂಬರನ್ನೇ ಇಡುವ ಅಭ್ಯಾಸ ಬೇಡ.

ಹಾಟ್‌ಸ್ಪಾಟ್ ಬ್ಯಾಟರಿಯನ್ನು ಬೇಗ ತಿನ್ನುತ್ತದೆ. ಚಾರ್ಜರ್ ಕೇಬಲ್‌ನಿಂದ ಫೋನನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡುವುದೇ ಮೇಲು: ಪಾಸ್‌ವರ್ಡ್ ಬೇಡ, ಫೋನೂ ಚಾರ್ಜ್ ಆಗುತ್ತದೆ. ದಪ್ಪ ಕಲ್ಲಿನ ಗೋಡೆಯೊಳಗೆ ಸಿಗ್ನಲ್ ಕುಗ್ಗುವುದರಿಂದ ಈ ಕೆಲಸಕ್ಕೆ ಹೊರಗಿನ ಅಂಗಳವೇ ಸರಿ. ಬಸದಿಯೊಳಗೆ ದರ್ಶನವಷ್ಟೇ ಇರಲಿ.

ಹೆಚ್ಚಿನವರು ಎಡವುವುದು ಡೇಟಾ ವಿಷಯದಲ್ಲಿ. ವೈಫೈ ಎಂದು ತಿಳಿದ ಲ್ಯಾಪ್‌ಟಾಪ್ ಹಿಂದಿನಿಂದ ಅಪ್‌ಡೇಟ್ ಇಳಿಸಿಕೊಳ್ಳುತ್ತದೆ, ಅರ್ಜಿ ಅರ್ಧದಲ್ಲಿರುವಾಗಲೇ ದಿನದ ಡೇಟಾ ಮುಗಿಯುತ್ತದೆ. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಆ ಸಂಪರ್ಕಕ್ಕೆ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿದರೆ ಇದು ಬಹುಮಟ್ಟಿಗೆ ನಿಲ್ಲುತ್ತದೆ. ಎರಡು ಸಿಮ್ ಇರುವ ಅನೇಕ ಫೋನುಗಳಲ್ಲಿ ಇನ್ನೊಂದು ಸಿಮ್‌ಗೆ ಕರೆ ಬಂದಾಗಲೂ ಇಂಟರ್ನೆಟ್ ಕಡಿಯುತ್ತದೆ. ಒಟಿಪಿ ಬರುವ ಹೊತ್ತಿಗೆ ನೆಂಟರ ಕರೆ ಬಂದರೆ ಆಮೇಲೆ ಮಾತಾಡಬಹುದು. ಅರ್ಜಿ ಸಲ್ಲಿಸಿದ ರಸೀದಿಯನ್ನು ಪಿಡಿಎಫ್ ಆಗಿ ಉಳಿಸಿಕೊಂಡ ಮೇಲೆಯೇ ಹಾಟ್‌ಸ್ಪಾಟ್ ಆಫ್ ಮಾಡಬೇಕು.