ಪುಣೆಯಲ್ಲೊಂದು ಹೊಸ ಶಾಲೆ

ಶಾಲೆಯೊಂದು ಹುಟ್ಟಬೇಕಾದರೆ ನೆಲ ಬೇಕು, ಕಟ್ಟಡ ಬೇಕು, ಹಣ ಬೇಕು ಎಂಬುದು ಸಾಮಾನ್ಯ ನಂಬಿಕೆ. ಇವೆಲ್ಲವೂ ಇದ್ದು ಶಾಲೆ ಬಾಳದೆ ಹೋದ ನಿದರ್ಶನಗಳುಂಟು. ಇವಾವುವೂ ಸಾಕಷ್ಟಿಲ್ಲದೆ ಹುಟ್ಟಿ ನೂರು ವರ್ಷಗಳನ್ನು ದಾಟಿದ ಶಾಲೆಗಳೂ ಉಂಟು. ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲು ಎರಡನೆಯ ಬಗೆಯದು. ಅದರ ಮೂಲ ಬಂಡವಾಳ ಕೆಲವು ತರುಣರ ತ್ಯಾಗಬುದ್ಧಿಯೇ ಆಗಿತ್ತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷ್ ವಿದ್ಯೆ ಬಹುಮಟ್ಟಿಗೆ ಸರಕಾರದ ಹಾಗೂ ಕ್ರೈಸ್ತ ಮಿಶನರಿಗಳ ಶಾಲೆಗಳಲ್ಲಿ ದೊರೆಯುತ್ತಿತ್ತು. ಪದವಿ ಪಡೆದವರ ಸಂಖ್ಯೆ ತೀರ ಕಡಿಮೆ. ಪದವೀಧರನಾದವನಿಗೆ ಸರಕಾರಿ ಹುದ್ದೆ, ಒಳ್ಳೆಯ ಸಂಬಳ, ಸಮಾಜದಲ್ಲಿ ಗೌರವ ಕಾದಿರುತ್ತಿದ್ದವು. ಇಂತಹ ಕಾಲದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಇಬ್ಬರು ಗೆಳೆಯರು ಬೇರೆಯೇ ದಾರಿಯನ್ನು ಚಿಂತಿಸುತ್ತಿದ್ದರು. ಅವರೇ ಬಾಳ ಗಂಗಾಧರ ತಿಲಕ ಮತ್ತು ಗೋಪಾಲ ಗಣೇಶ ಆಗರಕರ. ದೇಶ ತಲೆಯೆತ್ತಬೇಕಾದರೆ ಜನ ವಿದ್ಯಾವಂತರಾಗಬೇಕು. ಆ ವಿದ್ಯೆ ಬಡವರ ಮಕ್ಕಳಿಗೂ ಎಟುಕಬೇಕು. ಅದನ್ನು ನೀಡುವ ಶಾಲೆ ದೇಶೀಯರ ಕೈಯಲ್ಲಿಯೇ ಇರಬೇಕು. ಇದು ಅವರ ನಿಶ್ಚಯ. ಆಗರಕರರು ಕಡುಬಡತನದಲ್ಲಿ ಓದಿದವರು. ತಮ್ಮ ಮಗನ ಕಷ್ಟ ತೀರಿತೆಂದು ನಂಬಿದ್ದ ತಾಯಿಗೆ ಅವರು ಪತ್ರ ಬರೆದು, ದೊಡ್ಡ ಸಂಬಳವನ್ನು ನಿರೀಕ್ಷಿಸಬೇಡವೆಂದೂ, ಹೊಟ್ಟೆಗೆ ಸಾಕಾಗುವಷ್ಟರಲ್ಲಿ ತೃಪ್ತಿಪಟ್ಟು ಉಳಿದ ಆಯುಷ್ಯವನ್ನು ಪರಹಿತಕ್ಕೆ ಸಲ್ಲಿಸುವೆನೆಂದೂ ತಿಳಿಸಿದರು. ಆ ತಾಯಿಯ ಪಾಲಿಗೂ ಅದು ಸಣ್ಣ ತ್ಯಾಗವಾಗಿರಲಿಲ್ಲ.

ಇದೇ ಸಮಯಕ್ಕೆ 'ನಿಬಂಧಮಾಲಾ' ಪತ್ರಿಕೆಯಿಂದ ಪ್ರಸಿದ್ಧರಾಗಿದ್ದ ವಿಷ್ಣುಶಾಸ್ತ್ರಿ ಚಿಪಳೂಣಕರರು ರತ್ನಾಗಿರಿಯ ಸರಕಾರಿ ಶಾಲೆಯ ಉಪಾಧ್ಯಾಯ ವೃತ್ತಿಯನ್ನು ತೊರೆದು ಪುಣೆಗೆ ಬಂದರು. ಸ್ವಂತ ಶಾಲೆಯೊಂದನ್ನು ತೆರೆಯುವುದು ಅವರ ಉದ್ದೇಶ. ತಿಲಕರು ಅವರನ್ನು ಕೂಡಿಕೊಂಡರು. 1880ರ ಜನವರಿಯ ಆರಂಭದಲ್ಲಿ ನ್ಯೂ ಇಂಗ್ಲಿಷ್ ಸ್ಕೂಲು ಪ್ರಾರಂಭವಾಯಿತು. ಮಾಧವರಾವ್ ನಾಮಜೋಶಿಯವರು ಹಾಗೂ ಸಂಸ್ಕೃತ ವಿದ್ವಾಂಸರಾದ ವಾಮನ ಶಿವರಾಮ ಆಪ್ಟೆಯವರು ಬಂದು ಸೇರಿದರು, ಎಂ.ಎ. ವ್ಯಾಸಂಗವನ್ನು ಮುಗಿಸಿ ಆಗರಕರರೂ ಬಂದರು. ಮೊದಲ ವರ್ಷ ತಿಲಕರೂ ಚಿಪಳೂಣಕರರೂ ಸಂಬಳವನ್ನೇ ಮುಟ್ಟಲಿಲ್ಲ. ಪಾಠದ ಗುಣ ಊರಿಗೆ ತಿಳಿಯಲು ತಡವಾಗಲಿಲ್ಲ. ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತು. 1882ರಲ್ಲಿ ನೇಮಕಗೊಂಡ ಶಿಕ್ಷಣ ಆಯೋಗದ ಅಧ್ಯಕ್ಷರಾದ ಹಂಟರ್ ಅವರು ಈ ಶಾಲೆಯನ್ನು ಮನಸಾರೆ ಮೆಚ್ಚಿಕೊಂಡರು.

ಆದರೆ ಅದೇ ವರ್ಷ ಶಾಲೆಗೆ ದುರ್ದಿನಗಳೂ ಬಂದವು. ಮಾರ್ಚ್ ತಿಂಗಳಲ್ಲಿ ಚಿಪಳೂಣಕರರು ಮೂವತ್ತೆರಡನೆಯ ವಯಸ್ಸಿನೊಳಗೇ ತೀರಿಕೊಂಡರು. ಈ ಬಳಗವೇ 1881ರಲ್ಲಿ 'ಕೇಸರಿ' ಮತ್ತು 'ಮರಾಠಾ' ಪತ್ರಿಕೆಗಳನ್ನು ಹೊರಡಿಸಿತ್ತು. ಕೊಲ್ಹಾಪುರ ಸಂಸ್ಥಾನದ ವಿಷಯವಾಗಿ ಬರೆದುದಕ್ಕೆ ಮಾನಹಾನಿಯ ಮೊಕದ್ದಮೆ ನಡೆದು, ತಿಲಕ ಮತ್ತು ಆಗರಕರರು ಮುಂಬಯಿಯ ಡೋಂಗ್ರಿ ಸೆರೆಮನೆಯಲ್ಲಿ 101 ದಿನಗಳನ್ನು ಕಳೆಯಬೇಕಾಯಿತು. ಇಷ್ಟಾದರೂ ಶಾಲೆ ನಿಲ್ಲಲಿಲ್ಲ.

ವ್ಯಕ್ತಿಗಳು ಇಂದು ಇರುವರು, ನಾಳೆ ಇಲ್ಲ. ಶಾಲೆ ಮಾತ್ರ ಉಳಿಯಬೇಕು. ಅದಕ್ಕಾಗಿ 1884ರ ಅಕ್ಟೋಬರಿನಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿ ಸ್ಥಾಪಿತವಾಯಿತು. ಮರುವರ್ಷದ ಜನವರಿಯಲ್ಲಿ ಅದರ ಆಶ್ರಯದಲ್ಲಿ ಫರ್ಗ್ಯುಸನ್ ಕಾಲೇಜು ತೆರೆಯಿತು. ಸೊಸೈಟಿಯ ರಚನೆಯಲ್ಲಿ ಒಂದು ವಿಶೇಷವಿತ್ತು. ಶಾಲೆಗೆ ಒಡೆಯನೆಂಬವನಿರಲಿಲ್ಲ. ಕಲಿಸುವವರೇ ಅದರ ಆಡಳಿತವನ್ನೂ ನೋಡಿಕೊಳ್ಳುವ ಆಜೀವ ಸದಸ್ಯರು. ಅವರು ಇಪ್ಪತ್ತು ವರ್ಷ ಸೇವೆ ಸಲ್ಲಿಸುವುದಾಗಿ ವಚನ ಕೊಡಬೇಕು. ತಿಂಗಳಿಗೆ 75 ರೂಪಾಯಿಗಳಷ್ಟನ್ನೇ ಪಡೆಯಬೇಕು. ಬಂದ ಶುಲ್ಕ, ದೊರೆತ ದಾನ ಎಲ್ಲವೂ ಶಾಲೆಯ ಬೆಳವಣಿಗೆಗೇ ಸಲ್ಲಬೇಕು.

ಈ ನಿಯಮವನ್ನು ಪಾಲಿಸುವುದು ಸುಲಭವಾಗಿರಲಿಲ್ಲ. ಸಂಸಾರ ಬೆಳೆದಂತೆ ಆ ಸಂಬಳ ಸಾಲದೆ ಬಂತು. ಹೊರಗಿನ ಕೆಲಸಗಳಿಂದ ಸದಸ್ಯರು ಗಳಿಸಬಹುದೆ ಎಂಬ ಪ್ರಶ್ನೆ ಎದ್ದಿತು. ಸದಸ್ಯನ ಸಮಯವೂ ಶಕ್ತಿಯೂ ಸಂಸ್ಥೆಗೇ ಮೀಸಲು ಎಂಬುದು ತಿಲಕರ ನಿಲುವು; ಬದುಕುವಷ್ಟು ಆದಾಯವಿಲ್ಲದೆ ದುಡಿಯುವುದು ಹೇಗೆ ಎಂಬುದು ಇತರರ ಸಂಕಟ. ಎರಡರಲ್ಲಿಯೂ ಸತ್ಯವಿತ್ತು. ಸಮಾಜ ಸುಧಾರಣೆಯ ವಿಷಯದಲ್ಲಿ ತಿಲಕ ಮತ್ತು ಆಗರಕರರ ನಡುವೆ ಮೊದಲೇ ಭಿನ್ನಾಭಿಪ್ರಾಯ ಬೆಳೆದಿತ್ತು. ಕೊನೆಗೆ 1890ರಲ್ಲಿ ತಿಲಕರು ತಾವೇ ಕಟ್ಟಿದ ಸಂಸ್ಥೆಗೆ ರಾಜೀನಾಮೆ ಕೊಟ್ಟು ಹೊರನಡೆದರು.

ಕಟ್ಟಿದವರು ಅಗಲಿದರೂ ಸಂಸ್ಥೆ ಕುಸಿಯಲಿಲ್ಲ. ಆಪ್ಟೆಯವರ ಬಳಿಕ ಆಗರಕರರು ಕಾಲೇಜಿನ ಪ್ರಾಂಶುಪಾಲರಾಗಿ, 1895ರಲ್ಲಿ ತೀರಿಕೊಳ್ಳುವವರೆಗೂ ದುಡಿದರು. ಗೋಪಾಲಕೃಷ್ಣ ಗೋಖಲೆಯವರು ತಮ್ಮ ಯೌವನವನ್ನೆಲ್ಲ ಅಲ್ಲಿಯೇ ಸವೆಸಿದರು. ತಿಲಕರಿಂದ ತೆರವಾದ ಗಣಿತದ ಪೀಠಕ್ಕೆ 1891ರಲ್ಲಿ ಬಂದ ಧೋಂಡೊ ಕೇಶವ ಕರ್ವೆಯವರು ಮುಂದೆ ವಿಧವೆಯರಿಗಾಗಿ ಆಶ್ರಮವನ್ನೂ, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿದರು.

ಈ ಬೆಳಕು ಕನ್ನಡ ನಾಡಿಗೂ ಹರಿಯಿತು. ಕವಿ ದ. ರಾ. ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಪದವಿ ಪಡೆದರು. ಸೊಸೈಟಿಯು 1919ರಲ್ಲಿ ಸಾಂಗಲಿಯಲ್ಲಿ ತೆರೆದ ವಿಲಿಂಗ್ಡನ್ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು ಕನ್ನಡವನ್ನು ಬೋಧಿಸಿದರು. ಪುಣೆಯ ಆದರ್ಶವನ್ನು ಕಣ್ಣ ಮುಂದಿರಿಸಿಕೊಂಡೇ 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸೊಸೈಟಿ ಒಂದು ಶಾಲೆಯ ರೂಪದಲ್ಲಿ ಮೊಳೆಯಿತು.

ನ್ಯೂ ಇಂಗ್ಲಿಷ್ ಸ್ಕೂಲು ಇಂದಿಗೂ ನಡೆಯುತ್ತಿದೆ. ಅದನ್ನು ಕಟ್ಟಿದವರು ಎಲ್ಲ ವಿಷಯಗಳಲ್ಲಿಯೂ ಒಮ್ಮತದವರಾಗಿರಲಿಲ್ಲ. ಮನಸ್ತಾಪದಿಂದ ದೂರವಾದವರೂ ಅವರಲ್ಲಿದ್ದರು. ಆದರೆ ಶಾಲೆ ತಮ್ಮ ಸ್ವತ್ತಲ್ಲ, ಮುಂದಿನ ಪೀಳಿಗೆಯ ಸ್ವತ್ತು ಎಂಬ ಒಂದು ಮಾತಿನಲ್ಲಿ ಅವರೆಲ್ಲರೂ ಒಂದಾಗಿದ್ದರು. ಸಂಸ್ಥೆ ಅವರ ಆಯುಷ್ಯವನ್ನು ಮೀರಿ ಬಾಳಿದ್ದು ಈ ಒಂದು ಭಾವನೆಯ ಬಲದಿಂದ.