ನೆಲದಡಿಯ ಕಂಬಕ್ಕೆ ಗಣಿಯ ಕಸ: ನಂಬಿಕೆ ಏನು, ನಿಜ ಏನು

ಶಿವಗಂಗೆ ಬೆಟ್ಟದ ಆಸುಪಾಸಿನ ಸೋಂಪುರ ಹೋಬಳಿಯಲ್ಲಿ ಇವತ್ತು ಕಾರ್ಖಾನೆ, ಗೋದಾಮುಗಳು ಏಳುತ್ತಲೇ ಇವೆ. ಅವುಗಳ ಸೆಲ್ಲಾರ್ ಕಂಬಕ್ಕೆ ಯಾವ ಮರಳು ಹಾಕಬೇಕು ಎಂಬ ಮಾತು ಬಂದಾಗ, "ಹೊಳೆ ಮರಳೇ ಆಗಬೇಕು, ಕಲ್ಲುಗಣಿ ಪುಡಿ ಹಾಕಿದರೆ ಕಂಬ ನಿಲ್ಲಲ್ಲ" ಎನ್ನುವವರು ಈಗಲೂ ಇದ್ದಾರೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ಹುಟ್ಟಿರುವುದು ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಎಂದುಕೊಂಡಿದ್ದರಿಂದ.

ಜಲ್ಲಿ ಒಡೆಯುವಾಗ ಜರಡಿಯ ಕೆಳಗೆ ಉಳಿಯುವುದು ಕ್ರಷರ್ ಡಸ್ಟ್. ಅದರ ಕಣಗಳು ಚಪ್ಪಟೆ, ದೂಳು ಹೆಚ್ಚು. ಎಂ-ಸ್ಯಾಂಡ್ ಹಾಗಲ್ಲ. ಕಲ್ಲನ್ನು ಕಲ್ಲಿಗೇ ಬಡಿಸಿ, ಕಣದ ಮೂಲೆ ಮುರಿದು, ಜರಡಿ ಹಿಡಿದು, ತೊಳೆದು ಮಾಡಿದ್ದು. ಐಎಸ್ 383 ಮಾನಕದ 2016ರ ಆವೃತ್ತಿ ಇದನ್ನು ಒಪ್ಪಿದೆ. 75 ಮೈಕ್ರಾನ್‌ಗಿಂತ ಸಣ್ಣ ದೂಳು ಹೊಳೆ ಮರಳಿನಲ್ಲಿ ನೂರಕ್ಕೆ 3ನ್ನು ಮೀರಬಾರದು, ಕಲ್ಲು ಒಡೆದ ಮರಳಿನಲ್ಲಿ 15ರವರೆಗೆ ಇರಬಹುದು. ಹೊಳೆ ಮರಳಿನ ದೂಳು ಬಹುಪಾಲು ಜೇಡಿ, ಇಲ್ಲಿನದು ಕಲ್ಲಿನದೇ ಪುಡಿ ಎಂಬುದಕ್ಕೆ ಈ ರಿಯಾಯಿತಿ. ಮಿತಿ ದಾಟಿದರೆ ದೂಳು ನೀರು ಕುಡಿಯುತ್ತದೆ, ಕಾಂಕ್ರೀಟ್ ಗಟ್ಟಿಯಾಯಿತೆಂದು ಮೇಸ್ತ್ರಿ ಇನ್ನೊಂದು ಬಕೆಟ್ ನೀರು ಸುರಿಯುತ್ತಾನೆ, ಕಂಬ ಸೋಲುವುದು ಆ ನೀರಿನಿಂದ. ಎಂ-ಸ್ಯಾಂಡ್ ಬಿಲ್ ಹಾಕಿ ಡಸ್ಟ್ ಇಳಿಸುವ ಲೋಡಿಗೆ ಹೆದರಬೇಕೇ ಹೊರತು ಕಲ್ಲುಗಣಿಯ ಹೆಸರಿಗಲ್ಲ. ಲೋಡು ಬಂದಾಗ ಜರಡಿ ಪರೀಕ್ಷೆ, ಕಾಂಕ್ರೀಟ್ ಹಾಕುವಾಗ 150 ಮಿ.ಮೀ. ಕ್ಯೂಬು ತೆಗೆದಿಟ್ಟು ಒಡೆದು ನೋಡುವುದು: ಈ ಎರಡನ್ನೂ ಬಿಡಬಾರದು.

"ಸ್ಲ್ಯಾಗ್ ಹಾಕಿದ ಸಿಮೆಂಟ್ ಸೆಟ್ ಆಗಲ್ಲ" ಎಂಬುದು ಇನ್ನೊಂದು ದೂರು. ಸ್ಲ್ಯಾಗ್ ಗಣಿಯ ಕಸವಲ್ಲ, ಕಬ್ಬಿಣದ ಅದಿರು ಕರಗಿಸಿದಾಗ ಕುಲುಮೆಯಲ್ಲಿ ಉಳಿಯುವ ಕಿಟ್ಟ. ಆ ಸಿಮೆಂಟ್ ಸೆಟ್ ಆಗುತ್ತದೆ, ಮೊದಲ ವಾರ ನಿಧಾನ ಅಷ್ಟೆ. ಮಣ್ಣಿನ ನೀರಿನಲ್ಲಿ ಸಲ್ಫೇಟ್ ಇರುವ ಕಡೆ ನೆಲದಡಿಯ ಕಂಬಕ್ಕೆ ಇದೇ ಹೆಚ್ಚು ಬಾಳಿಕೆ ಕೊಡುತ್ತದೆ. ಸೆಂಟ್ರಿಂಗ್ ಬಿಚ್ಚಲು ಆತುರಪಡದೆ, ಕ್ಯೂರಿಂಗ್ ಪೂರ್ತಿ ಮಾಡಿದರೆ ಸಾಕು.

ನನಗೆ ಹೆಚ್ಚು ಮುಖ್ಯವೆನಿಸುವ ತಪ್ಪು ಕಲ್ಪನೆ ಇರುವುದು ಸೆಲ್ಲಾರ್‌ಗಿಂತ ಬಹಳ ಆಳದಲ್ಲಿ. ಗಣಿಯೊಳಗಿನ ಕಂಬ ಮೇಲಿನ ಇಡೀ ಭೂಮಿಯನ್ನು ಹೊತ್ತು ನಿಂತಿದೆ, ಆದ್ದರಿಂದ ಅದು ಎಷ್ಟು ಗಟ್ಟಿಯಿದ್ದರೂ ಸಾಲದು, ಅದಿರಿನ ಪುಡಿಯಿಂದ ಕಟ್ಟಿದ ಕಂಬವಂತೂ ಸಾವಿಗೇ ಆಹ್ವಾನ ಎಂದು ಓದಿಕೊಂಡವರೂ ನಂಬುತ್ತಾರೆ.

ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ಚಾಂಪಿಯನ್ ರೀಫ್ ಗಣಿಯ ಲೆಕ್ಕ ನೋಡಿ. ಅದರ ಆಳ 3 ಕಿಲೋಮೀಟರಿಗೂ ಮಿಕ್ಕಿದ್ದು. ಅಷ್ಟು ಕೆಳಗೆ ಮೇಲಿನ ಬಂಡೆಯ ಭಾರ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 80 ನ್ಯೂಟನ್. ನಮ್ಮ ಮನೆಗಳ ಎಂ20 ಕಾಂಕ್ರೀಟ್ ತಾಳುವುದು 20. ಇಡೀ ಭಾರ ಕಂಬದ ಮೇಲೆ ಬಂದಿದ್ದರೆ ಅಲ್ಲಿ ಒಂದು ದಿನವೂ ಕೆಲಸ ನಡೆಯುತ್ತಿರಲಿಲ್ಲ. ಭಾರವನ್ನು ಹೊರುವುದು ಸುರಂಗದ ಸುತ್ತಲಿನ ಬಂಡೆಯೇ. ಪಕ್ಕದ ಗೋಡೆಗಳು ಒಳಗೆ ಸರಿಯದಂತೆ ಒತ್ತಿಹಿಡಿಯುವುದು, ಸಡಿಲಾದ ಕಲ್ಲು ಉದುರದಂತೆ ತಡೆಯುವುದು, ಇವು ಆಸರೆಯ ಕೆಲಸ. ಹಿಡಿತ ಸಿಕ್ಕರೆ ಪುಡಿಯೂ ಭಾರ ತಾಳುತ್ತದೆ: ಚೆಲ್ಲಿದ ರಾಗಿಯ ಮೇಲೆ ಕಾಲಿಟ್ಟರೆ ಹರಡಿಹೋಗುತ್ತದೆ, ಬಿಗಿದ ರಾಗಿ ಮೂಟೆಯ ಮೇಲೆ ಆಳು ನಿಲ್ಲಬಹುದು. ದಕ್ಷಿಣ ಆಫ್ರಿಕಾದ ಆಳದ ಚಿನ್ನದ ಗಣಿಗಳಲ್ಲಿ ಅದಿರಿನ ಪುಡಿಗೆ ಸಿಮೆಂಟ್ ಕಲಸಿ ಚೀಲಗಳಿಗೆ ಪಂಪ್ ಮಾಡಿ ಕಂಬ ನಿಲ್ಲಿಸುವುದು ಇದೇ ತತ್ವದ ಮೇಲೆ. ತೆರವಾದ ಜಾಗಕ್ಕೆ ತುಂಬುವ ಇಂಥ ಮಿಶ್ರಣದಲ್ಲಿ ಸಿಮೆಂಟ್ ಸಾಮಾನ್ಯವಾಗಿ ನೂರಕ್ಕೆ 3ರಿಂದ 7, ಅದರ ಬಲ ಎಷ್ಟೋ ಕಡೆ ಚದರ ಮಿಲಿಮೀಟರಿಗೆ 1 ನ್ಯೂಟನ್ ಆಸುಪಾಸು. ಅಷ್ಟರಲ್ಲೇ ಕೆಲಸ ನಡೆಯುತ್ತದೆ.

ಇದು ಹೊರದೇಶದಿಂದ ಈಚೆಗೆ ಬಂದ ಹೊಸ ಯೋಚನೆಯೂ ಅಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಕೆಜಿಎಫ್‌ನಲ್ಲಿ ಮೊದಲು ಮರದ ಆಸರೆ ಇತ್ತು, ಆಮೇಲೆ ಗ್ರಾನೈಟ್ ಕಲ್ಲಿನ ಗೋಡೆಗಳು ಬಂದವು. ಬಂಡೆ ಸಿಡಿತಗಳು ಎಷ್ಟೋ ಕಾರ್ಮಿಕರ ಜೀವ ತೆಗೆದ ಗಣಿ ಅದು, ಪ್ರತಿ ಬದಲಾವಣೆಯ ಹಿಂದೆಯೂ ಆ ಭಯವಿತ್ತು. ಮುಂದೆ ಕಾಂಕ್ರೀಟ್ ಬಂತು. ಗಿರಣಿಯಲ್ಲಿ ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿಯುವ ಪುಡಿ, ಗಣಿಯವರು ಟೇಲಿಂಗ್ಸ್ ಎನ್ನುವುದು, ಅದೂ ಕೆಳಗಿಳಿಯಿತು.

ಆದರೆ ಆ ಪುಡಿಯನ್ನು ಹಾಗೆಯೇ ಇಳಿಸುವಂತಿಲ್ಲ. ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಬಿಡುವುದಾದರೆ ನುಣ್ಣನೆಯ ಕಣಗಳನ್ನು ಮೊದಲೇ ತೊಳೆದು ತೆಗೆಯಬೇಕು, ಇಲ್ಲದಿದ್ದರೆ ನೀರು ಇಂಗುವುದಿಲ್ಲ. ಇಂಗದ ನೀರಿನ ಒತ್ತಡಕ್ಕೆ ಅಡ್ಡಗೋಡೆ ಒಡೆದರೆ ಕೆಸರು ನುಗ್ಗಿ ಕೆಳಗಿದ್ದವರನ್ನು ಮುಚ್ಚಿಬಿಡುತ್ತದೆ. ಗಟ್ಟಿ ಪೇಸ್ಟ್ ಮಾಡಿ ತಳ್ಳುವುದಾದರೆ ಅದೇ ನುಣ್ಣನೆಯ ಕಣ ಬೇಕೇಬೇಕು, 20 ಮೈಕ್ರಾನ್‌ಗಿಂತ ಸಣ್ಣ ಕಣ ನೂರಕ್ಕೆ 15ಕ್ಕಿಂತ ಕಡಿಮೆ ಇರಬಾರದು. ಪುಡಿಯಲ್ಲಿರುವ ಖನಿಜವನ್ನೂ ನೋಡಬೇಕು. ಕೋಲಾರದಲ್ಲೇ ಚಾಂಪಿಯನ್ ಪದರದ್ದು ಬಹುಪಾಲು ಬೆಣಚುಕಲ್ಲು, ಓರಿಯೆಂಟಲ್ ಪದರದಲ್ಲಿ ಗಂಧಕದ ಖನಿಜ ಹೆಚ್ಚು. ಗಂಧಕ ಗಾಳಿ ನೀರು ತಗುಲಿ ಆಮ್ಲವಾದರೆ ಸಿಮೆಂಟನ್ನು ತಿನ್ನುತ್ತದೆ, ತಿಂಗಳಿಗೆ ಗಟ್ಟಿಯಾಗಿದ್ದ ಕಂಬ ವರ್ಷದಲ್ಲಿ ಪುಡಿಯಾಗಬಹುದು. "ಕಸದಿಂದ ರಸ" ಎಂದು ಉತ್ಸಾಹದಿಂದ ಹೇಳುವವರು ಹೆಚ್ಚಾಗಿ ಮರೆಯುವುದು ಇದನ್ನೇ.

ಎಲ್ಲ ಕಸವನ್ನೂ ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸಬಹುದು ಎಂಬುದೂ ಭ್ರಮೆ. ಟನ್ ಅದಿರಿನಲ್ಲಿ ಸಿಗುವುದು ಕೆಲವೇ ಗ್ರಾಂ ಚಿನ್ನ, ಮಿಕ್ಕಿದ್ದೆಲ್ಲ ಕಸ. ಅರೆದ ಕಲ್ಲು ಹಿಗ್ಗುವುದರಿಂದ ಅದು ಮೊದಲಿದ್ದ ಜಾಗಕ್ಕೆ ಹಿಡಿಸುವುದೇ ಇಲ್ಲ. ಕೆಜಿಎಫ್‌ನಲ್ಲಿ ಗುಡ್ಡೆಯಾಗಿ ಉಳಿದಿರುವುದು ಸುಮಾರು 3.3 ಕೋಟಿ ಟನ್. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ಆಳದ ಸುರಂಗಗಳಲ್ಲಿ ಈಗ ನೀರು ನಿಂತಿದೆ.

ಸೈನೈಡ್ ಹಾಕಿ ಚಿನ್ನ ತೆಗೆದ ಪುಡಿಯ ಆ ಗುಡ್ಡಗಳ ಬಗ್ಗೆ ಎರಡು ಬಗೆಯ ಮಾತಿದೆ. ಮುಟ್ಟಿದರೇ ಸಾವು ಎನ್ನುವುದು ಒಂದು, ಎಷ್ಟೋ ವರ್ಷ ಬಿಸಿಲು ಕಂಡಿದೆ, ಇನ್ನೇನೂ ಇಲ್ಲ ಎನ್ನುವುದು ಇನ್ನೊಂದು. ಬಿಸಿಲು ಗಾಳಿಗೆ ಸೈನೈಡ್ ಬಹುಮಟ್ಟಿಗೆ ಒಡೆದುಹೋಗುವುದು ನಿಜ. ಆರ್ಸೆನಿಕ್‌ನಂಥ ಧಾತುಗಳು ಒಡೆಯುವುದಿಲ್ಲ. ಬೇಸಿಗೆ ಗಾಳಿಗೆ ಏಳುವ ಆ ದೂಳನ್ನು ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯವರು ಉಸಿರಾಡುತ್ತಲೇ ಬಂದಿದ್ದಾರೆ. ಈ ಪುಡಿಯನ್ನು ಸಿಮೆಂಟ್, ಕಪ್ಪು ಮಣ್ಣು, ಕೆಂಪು ಮಣ್ಣಿನೊಂದಿಗೆ ಬೇರೆ ಬೇರೆಯಾಗಿ ಬೆರೆಸಿ ಇಟ್ಟಿಗೆ ಮಾಡಿ ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಗಿದೆ, ಇಟ್ಟಿಗೆ ಆಗುತ್ತದೆ ಎಂದೂ ಹೇಳಿದೆ. ಆ ಪುಡಿಯನ್ನು ಸೋಂಪುರದ ಸೆಲ್ಲಾರಿಗೋ ಬೆಂಗಳೂರಿನ ಸುರಂಗಕ್ಕೋ ತರಬೇಕೆಂದು ಯಾರಾದರೂ ಹೊರಟರೆ ಕ್ಯೂಬು ಒಡೆದ ವರದಿಯೊಂದೇ ಸಾಲದು. ಆ ಕಂಬವನ್ನು ನೀರಲ್ಲಿ ನೆನೆಸಿದಾಗ ಏನೇನು ಎಷ್ಟೆಷ್ಟು ಹೊರಬರುತ್ತದೆ ಎಂಬ ಪರೀಕ್ಷೆಯ ವರದಿಯೂ ಬೇಕು, ಯಾಕೆಂದರೆ ನೆಲದಡಿಯ ಕಂಬ ತೇವದಲ್ಲೇ ನಿಂತಿರುತ್ತದೆ, ಅದೇ ನೆಲದಿಂದ ನಮ್ಮ ಬೋರ್‌ವೆಲ್ಲುಗಳು ನೀರೆತ್ತುತ್ತವೆ.