ಹಿತ್ತಿಲಲ್ಲಿ ನಾವೊಬ್ಬರೇ ಇಲ್ಲ



ನಿಮ್ಮ ಮನೆ ಹಿಂದೆ ಹಿತ್ತಿಲು ಇದೆಯಾ? ದೊಡ್ಡ ತೋಟವೇ ಆಗಬೇಕು ಅಂತಿಲ್ಲ. ಒಂದು ಕರಿಬೇವಿನ ಗಿಡ, ಒಂದು ನುಗ್ಗೆ ಮರ, ಬಚ್ಚಲ ನೀರಿಗೆ ಬೆಳೆದ ನಾಲ್ಕು ಬಾಳೆ, ಮೂಲೆಯಲ್ಲಿ ಸೌದೆ ಒಟ್ಟು. ಇಷ್ಟಿದ್ದರೆ ಸಾಕು. ಅಲ್ಲಿ ಯಾರ್ಯಾರು ಬದುಕುತ್ತಾರೆ ಅಂತ ಯಾವತ್ತಾದರೂ ಎಣಿಸಿದ್ದೀರಾ?

ಬೆಳಗ್ಗೆ ಗುಬ್ಬಿ ಬರುತ್ತದೆ. ನುಗ್ಗೆ ಹೂವಿಗೆ ಜೇನುನೊಣ ಬರುತ್ತದೆ. ಅಳಿಲು ಮರ ಹತ್ತಿ ಇಳಿಯುತ್ತದೆ. ಬೇಲಿ ಮೇಲೆ ಓತಿಕ್ಯಾತ ಕೂತು ತಲೆ ಆಡಿಸುತ್ತದೆ. ಸಂಜೆ ಆದರೆ ಗೋಡೆ ಮೇಲೆ ಹಲ್ಲಿ. ಮಳೆ ಬಿದ್ದ ರಾತ್ರಿ ಕಪ್ಪೆ. ಬೇವಿನ ಮರದಲ್ಲಿ ಗೂಬೆ. ಸೌದೆ ಸಂದಿಯಲ್ಲಿ ಒಮ್ಮೊಮ್ಮೆ ಹಾವು.

ಇವರೆಲ್ಲ ನಮ್ಮ ನೆರೆಯವರು. ಆದರೆ ನಾವು ಏನು ಮಾಡ್ತೀವಿ? ಓತಿಕ್ಯಾತ ಕಂಡರೆ ಕಲ್ಲು. ಗೂಬೆ ಕೂಗಿದರೆ ಬೈಗಳು. ಹಾವು ಕಂಡರೆ ಕೋಲು. 'ಹಿತ್ತಲ ಗಿಡ ಮದ್ದಲ್ಲ' ಅನ್ನೋ ಗಾದೆ ನಿಮಗೆ ಗೊತ್ತೇ ಇದೆ. ಹತ್ತಿರ ಇರೋದರ ಬೆಲೆ ನಮಗೆ ತಿಳಿಯೋದಿಲ್ಲ. ಹಿತ್ತಿಲ ಪ್ರಾಣಿಗಳ ಕತೆಯೂ ಹಾಗೇ ಆಗಿದೆ.

ಕೂಲಿ ಕೇಳದ ಕೆಲಸಗಾರರು

ನಮ್ಮದು ಮಳೆ ಕಡಿಮೆ ಇರೋ ಸೀಮೆ. ಶೇಂಗಾ ಅನ್ನಿ, ಕಡ್ಲೆಕಾಯಿ ಅನ್ನಿ, ಅದೇ ನಮ್ಮ ಮುಖ್ಯ ಬೆಳೆ. ಕಷ್ಟಪಟ್ಟು ಬೆಳೆದ ಕಾಯಿಯನ್ನು ಮೂಟೆ ಕಟ್ಟಿ ಮನೆಯಲ್ಲಿ ಇಡುತ್ತೇವೆ. ಅದಕ್ಕೆ ದೊಡ್ಡ ಶತ್ರು ಯಾರು? ಇಲಿ. ಇಲಿ ಗಬ್ಬವಾಗಿ ಮೂರು ವಾರಕ್ಕೆಲ್ಲ ಮರಿ ಹಾಕುತ್ತದೆ. ಒಂದು ಸಲಕ್ಕೆ ಆರೇಳು ಮರಿ. ಆ ಮರಿಗಳೂ ಕೆಲವೇ ತಿಂಗಳಲ್ಲಿ ಮರಿ ಹಾಕುತ್ತವೆ. ಲೆಕ್ಕ ನೀವೇ ಹಾಕಿ ನೋಡಿ.

ಈ ಇಲಿಯನ್ನು ಹಿಡಿಯೋರು ಯಾರು? ಹಗಲು ಕೇರೆ ಹಾವು, ಮುಂಗುಸಿ. ರಾತ್ರಿ ಗೂಬೆ. ಕೇರೆ ಹಾವಿಗೆ ವಿಷ ಇಲ್ಲ. ಅದು ಇಲಿಯ ಬಿಲದೊಳಗೇ ಹೋಗಿ ಹಿಡಿಯುತ್ತದೆ. ಬೆಕ್ಕಿನ ಕೈಲಿ ಆಗದ ಕೆಲಸ ಅದು.

ಕಪ್ಪೆ, ಹಲ್ಲಿ, ಓತಿಕ್ಯಾತ ಏನು ತಿನ್ನುತ್ತವೆ? ಹುಳ, ಇರುವೆ, ಪತಂಗ, ನೊಣ. ಗುಬ್ಬಿ ಕಾಳು ತಿನ್ನುತ್ತದೆ ನಿಜ. ಆದರೆ ಮರಿಗೆ ಕಾಳು ಜೀರ್ಣ ಆಗೋದಿಲ್ಲ. ಅದಕ್ಕೇ ತಾಯಿ ಗುಬ್ಬಿ ದಿನವೆಲ್ಲ ಹುಳ ಹೆಕ್ಕಿ ತಂದು ಮರಿಗೆ ಕೊಡುತ್ತದೆ. ಜೇನುನೊಣ ಹೂವಿಂದ ಹೂವಿಗೆ ಹೋಗದಿದ್ದರೆ ಕುಂಬಳ, ಸೋರೆ, ಹೀರೆ ಕಾಯಿ ಕಚ್ಚೋದಿಲ್ಲ. ಹೂವೇನೋ ಬಿಡುತ್ತದೆ, ಕಾಯಿ ನಿಲ್ಲೋದಿಲ್ಲ.

ಇವರು ಯಾರೂ ನಮ್ಮ ಹತ್ತಿರ ಕೂಲಿ ಕೇಳಿಲ್ಲ. ಊಟವನ್ನೂ ಕೇಳಿಲ್ಲ.

ಗುಬ್ಬಿ ಕೊಂದ ದೇಶ

ಚೀನಾ ದೇಶದಲ್ಲಿ ನಡೆದ ಸಂಗತಿ ಕೇಳಿ. 1958ರಲ್ಲಿ ಅಲ್ಲಿನ ಸರ್ಕಾರ ಒಂದು ಅಪ್ಪಣೆ ಮಾಡಿತು. ಗುಬ್ಬಿಗಳು ಕಾಳು ತಿಂದು ಹಾಳು ಮಾಡುತ್ತವೆ, ಎಲ್ಲರೂ ಸೇರಿ ಕೊಲ್ಲಿ ಅಂತ. ಜನ ತಟ್ಟೆ, ಡಬ್ಬ ಬಡಿದರು. ಗುಬ್ಬಿಗಳನ್ನು ಎಲ್ಲೂ ಕೂರಲು ಬಿಡಲಿಲ್ಲ. ಹಾರಿ ಹಾರಿ ದಣಿದು ಅವು ಸತ್ತು ಬಿದ್ದವು. ಲೆಕ್ಕವಿಲ್ಲದಷ್ಟು ಗುಬ್ಬಿಗಳು ಸತ್ತವು.

ಆಮೇಲೆ ಏನಾಯಿತು? ಹುಳ ತಿನ್ನೋರು ಇಲ್ಲದೆ ಹುಳ ಹೆಚ್ಚಾದವು, ಮಿಡತೆ ಹೆಚ್ಚಾದವು. ಅದೇ ವರ್ಷಗಳಲ್ಲಿ ಆ ದೇಶಕ್ಕೆ ದೊಡ್ಡ ಬರಗಾಲ ಬಂತು. ಬರಗಾಲಕ್ಕೆ ಬೇರೆ ಕಾರಣಗಳೂ ಇದ್ದವು. ಗುಬ್ಬಿ ಕೊಂದದ್ದೂ ಒಂದು ಕಾರಣ ಆಯಿತು. 1960ರಲ್ಲಿ ಸರ್ಕಾರವೇ ಗುಬ್ಬಿ ಕೊಲ್ಲೋದನ್ನು ನಿಲ್ಲಿಸಿತು. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು.

ಗುರುತು ಇಲ್ಲದ್ದೇ ಭಯಕ್ಕೆ ಕಾರಣ

ನೀವು ಓದು ಕಲಿಯುವ ಮೊದಲು ಬಸ್ಸಿನ ಬೋರ್ಡು ನೋಡಿದರೆ ಹೇಗನಿಸುತ್ತಿತ್ತು? ಎಲ್ಲಾ ಅಕ್ಷರ ಒಂದೇ ಥರ ಕಾಣುತ್ತಿತ್ತು. ಯಾವ ಬಸ್ಸು ಹತ್ತಬೇಕೋ ಅಂತ ಅಂಜಿಕೆ ಆಗುತ್ತಿತ್ತು. ಗುರುತು ಹತ್ತಿದ ಮೇಲೆ ಅಂಜಿಕೆ ಹೋಯಿತು. ಪ್ರಾಣಿಗಳ ವಿಷಯವೂ ಹೀಗೇ. ಗುರುತು ಇಲ್ಲದಿದ್ದರೆ ಎಲ್ಲಾ ಹಾವೂ ನಾಗರಹಾವೇ.

ಕೆಲವು ಮಾತುಗಳನ್ನು ನಾವು ಕೇಳುತ್ತಾ ಬೆಳೆದಿದ್ದೇವೆ. ಅವು ನಿಜವೋ ಸುಳ್ಳೋ ನೋಡೋಣ.

'ಓತಿಕ್ಯಾತ ದೂರದಿಂದಲೇ ರಕ್ತ ಹೀರುತ್ತದೆ' ಅಂತಾರೆ. ಸುಳ್ಳು. ಗಂಡು ಓತಿಕ್ಯಾತದ ಕತ್ತು, ತಲೆ ಹೆಣ್ಣು ಕೂಡುವ ಕಾಲಕ್ಕೆ ಕೆಂಪಾಗುತ್ತದೆ. ಅದು ಅದರ ಬಣ್ಣ, ನಮ್ಮ ರಕ್ತ ಅಲ್ಲ.

'ಗೂಬೆ ಕೂಗಿದರೆ ಮನೆಯಲ್ಲಿ ಸಾವು' ಅಂತಾರೆ. ಸುಳ್ಳು. ಇಲಿ ಇರೋ ಕಡೆ ಗೂಬೆ ಬರುತ್ತದೆ. ಅಷ್ಟೇ.

'ಮಣ್ಣುಮುಕ್ಕ ಹಾವಿಗೆ ಎರಡು ತಲೆ, ಮಾರಿದರೆ ಲಕ್ಷಾಂತರ ರೂಪಾಯಿ' ಅಂತಾರೆ. ಅದಕ್ಕೆ ಇರೋದು ಒಂದೇ ತಲೆ. ಬಾಲ ಮೊಂಡಾಗಿರುವುದರಿಂದ ತಲೆ ಥರ ಕಾಣುತ್ತದೆ. ಈ ಮಾತು ನಂಬಿ ಅದನ್ನು ಹಿಡಿದು ಮಾರಲು ಹೋದವರು ಪೊಲೀಸರ ಕೈಗೆ ಸಿಕ್ಕಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅದರ ಪ್ರಕಾರ ಹಾವು, ಉಡ, ಮುಂಗುಸಿ, ಗೂಬೆ ಇವನ್ನು ಹಿಡಿಯೋದು, ಕೊಲ್ಲೋದು, ಮಾರೋದು ಅಪರಾಧ.

ಹಾವು: ದಯೆ ಬೇಕು, ಎಚ್ಚರವೂ ಬೇಕು

'ಮೇಡಂ, ಹಾವು ಕಚ್ಚಿದರೆ ದಯೆ ಕಾಪಾಡುತ್ತದಾ?' ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ದಯೆ ಅಂದರೆ ಹಾವಿನ ಹತ್ತಿರ ಹೋಗೋದಲ್ಲ. ದೂರ ನಿಂತು ಅದಕ್ಕೆ ದಾರಿ ಬಿಡೋದು. 'ಹಾವೂ ಸಾಯಬೇಕು, ಕೋಲೂ ಮುರಿಯಬಾರದು' ಅನ್ನೋದು ಹಳೇ ಗಾದೆ. ಹಾವೂ ಸಾಯೋದು ಬೇಡ, ನಮಗೂ ಕಚ್ಚೋದು ಬೇಡ ಅಂತ ನಾವು ಹೇಳೋಣ.

ನಮ್ಮ ದೇಶದಲ್ಲಿ ಸುಮಾರು 300 ಜಾತಿಯ ಹಾವುಗಳಿವೆ. ಹೆಚ್ಚಿನವಕ್ಕೆ ಪ್ರಾಣ ತೆಗೆಯುವ ವಿಷ ಇಲ್ಲ. ಹಾವು ಕಚ್ಚಿ ಆಗುವ ಸಾವುಗಳಲ್ಲಿ ಬಹುಪಾಲು ಈ ನಾಲ್ಕು ಹಾವುಗಳಿಂದ: ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ. ಗರಗಸ ಮಂಡಲ ಚಿಕ್ಕದು, ಒಂದು ಒಂದೂವರೆ ಅಡಿ. ಒಣ ನೆಲದಲ್ಲಿ ಕಲ್ಲಿನ ಅಡಿ ಇರುತ್ತದೆ. ಮೈ ಉಜ್ಜಿ ಗರಗಸದ ಹಾಗೆ ಸದ್ದು ಮಾಡುತ್ತದೆ. ಕಟ್ಟು ಹಾವು ರಾತ್ರಿ ಓಡಾಡುತ್ತದೆ. ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ಕಚ್ಚಿದ್ದು ಒಮ್ಮೊಮ್ಮೆ ಗೊತ್ತೂ ಆಗೋದಿಲ್ಲ.

ಆದ್ದರಿಂದ ಹೀಗೆ ಮಾಡಿ:

- ಸೌದೆ, ಕಲ್ಲು, ಇಟ್ಟಿಗೆ ಒಟ್ಟನ್ನು ಮನೆ ಗೋಡೆಯಿಂದ ದೂರ ಇಡಿ.
- ಕಾಳು ಚೆಲ್ಲಬೇಡಿ. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು.
- ರಾತ್ರಿ ಹೊರಗೆ ಹೋಗುವಾಗ ಬ್ಯಾಟರಿ ಹಿಡಿಯಿರಿ, ಚಪ್ಪಲಿ ಹಾಕಿ.
- ಆದಷ್ಟು ಮಂಚದ ಮೇಲೆ, ಸೊಳ್ಳೆ ಪರದೆ ಕಟ್ಟಿ ಮಲಗಿ.
- ಸೌದೆ ತೆಗೆಯುವ ಮೊದಲು ಕೋಲಿನಿಂದ ತಟ್ಟಿ ನೋಡಿ.
- ಹಾವು ಮನೆಯೊಳಗೆ ಬಂದರೆ ಮಕ್ಕಳನ್ನು ಹೊರಗೆ ಕಳಿಸಿ. ದೂರದಿಂದ ಕಣ್ಣಿಟ್ಟಿರಿ. ಅರಣ್ಯ ಇಲಾಖೆಗೆ ತಿಳಿಸಿ. ನೀವೇ ಹಿಡಿಯಬೇಡಿ.

ಹಾವು ಕಚ್ಚಿದರೆ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗ ಬಿಗಿಯಬೇಡಿ. ಮಂತ್ರ, ನಾಟಿ ಬೇರು ಅಂತ ಹೊತ್ತು ಕಳೆಯಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಕಚ್ಚಿದ ಕೈಯನ್ನೋ ಕಾಲನ್ನೋ ಅಲ್ಲಾಡಿಸದೆ ಇಡಿ. ನಡೆಸಬೇಡಿ. 108ಕ್ಕೆ ಫೋನ್ ಮಾಡಿ, ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹಾವಿನ ವಿಷಕ್ಕೆ ಇರೋ ಮದ್ದು ಆಸ್ಪತ್ರೆಯ ಇಂಜೆಕ್ಷನ್ ಒಂದೇ. ಇನ್ನೊಂದು ಮಾತು. ಆ ಮದ್ದನ್ನು ತಯಾರು ಮಾಡೋದೂ ಹಾವಿನ ವಿಷದಿಂದಲೇ.

ನಮ್ಮ ಪಕ್ಕದ ವೀರಾಪುರ

ಪ್ರಾಣಿ ಪಕ್ಷಿಗಳ ಜೊತೆ ಊರಿಗೆ ಊರೇ ಬಾಳಬಹುದಾ? ಬಾಳಬಹುದು. ಹಿಂದೂಪುರದ ಹತ್ತಿರ ಚಿಲಮತ್ತೂರು ಮಂಡಲದಲ್ಲಿ ವೀರಾಪುರ ಅಂತ ಒಂದು ಹಳ್ಳಿ. ಅದು ಮೊದಲು ನಮ್ಮ ಅನಂತಪುರ ಜಿಲ್ಲೆಯಲ್ಲೇ ಇತ್ತು. 2022ರಲ್ಲಿ ಮಡಕಶಿರಾ ಜೊತೆ ಅದೂ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು.

ಬಣ್ಣದ ಕೊಕ್ಕರೆಗಳು ಬಹಳ ವರ್ಷಗಳಿಂದ ಆ ಊರಿಗೆ ಬರುತ್ತಿವೆ. ಚಳಿಗಾಲಕ್ಕೆ ಬಂದು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಮೊಟ್ಟೆ ಇಟ್ಟು, ಮರಿ ದೊಡ್ಡದು ಮಾಡಿಕೊಂಡು ಹೋಗುತ್ತವೆ. ಗಲಾಟೆ ಇರುತ್ತದೆ, ಹಿಕ್ಕೆ ಬೀಳುತ್ತದೆ, ವಾಸನೆ ಬರುತ್ತದೆ. ಆದರೂ ಊರಿನವರು ಅವುಗಳಿಗೆ ಕಲ್ಲು ಹೊಡೆಯೋದಿಲ್ಲ, ಹೊಡೆಯಲು ಬಿಡೋದೂ ಇಲ್ಲ. ಅವು ಊರಿಗೆ ಬಂದ ನೆಂಟರು ಅನ್ನೋದು ಅವರ ಭಾವನೆ.

ಕರ್ನಾಟಕದ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲೂ ಹೀಗೇ. ಅಲ್ಲಿ ಬಣ್ಣದ ಕೊಕ್ಕರೆ ಜೊತೆ ಹೆಜ್ಜಾರ್ಲೆಗಳೂ ಬರುತ್ತವೆ. ಹಕ್ಕಿಯ ಹಿಕ್ಕೆಯನ್ನು ಅಲ್ಲಿನ ರೈತರು ಗೊಬ್ಬರವಾಗಿ ಬಳಸಿದ್ದಾರೆ. ಆ ಊರುಗಳ ಜನ ನಮ್ಮಂಥವರೇ. ಅವರಿಗೆ ಊರೆಲ್ಲ ಹಕ್ಕಿ ತಡೆದುಕೊಳ್ಳಲು ಆಯಿತು. ನಮಗೆ ಹಿತ್ತಿಲಿನ ನಾಲ್ಕು ಜೀವ ತಡೆದುಕೊಳ್ಳಲು ಆಗೋದಿಲ್ಲವೇ?

ಕಾಸು ಖರ್ಚಿಲ್ಲದ ಕೆಲಸಗಳು

ಬೇಸಿಗೆಯಲ್ಲಿ ನಮ್ಮ ಕಡೆ ಕೆರೆ ಕುಂಟೆ ಒಣಗುತ್ತವೆ. ನೆರಳಿನಲ್ಲಿ ಒಂದು ಅಗಲವಾದ ಮಣ್ಣಿನ ತಟ್ಟೆ ಇಡಿ, ನೀರು ಹಾಕಿ. ಒಳಗೆ ಎರಡು ಕಲ್ಲು ಇಡಿ. ಜೇನುನೊಣ ಮುಳುಗದೆ ಕಲ್ಲಿನ ಮೇಲೆ ಕೂತು ಕುಡಿಯುತ್ತದೆ. ನೀರನ್ನು ದಿನಾ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಆಗುತ್ತದೆ.

ಹಿಂದೆ ಹಿರಿಯರು ಸೂರಿಗೆ ತೆನೆ ಕಟ್ಟುತ್ತಿದ್ದರು. ನೀವೂ ಸಜ್ಜೆಯದೋ ಜೋಳದ್ದೋ ಒಂದು ತೆನೆ ಕಟ್ಟಿ. ಈಗಿನ ಆರ್‌ಸಿಸಿ ಮನೆಯಲ್ಲಿ ಗುಬ್ಬಿಗೆ ಗೂಡು ಕಟ್ಟಲು ಸಂದಿ ಇಲ್ಲ. ಒಂದು ರಟ್ಟಿನ ಡಬ್ಬಕ್ಕೆ ಒಂದೂಕಾಲು ಅಂಗುಲ ತೂತು ಮಾಡಿ. ಬೆಕ್ಕಿಗೆ ಸಿಗದಷ್ಟು ಎತ್ತರಕ್ಕೆ, ಮಳೆ ಬೀಳದ ಕಡೆ ಕಟ್ಟಿ.

ಇಲಿ ಪಾಷಾಣ ಆದಷ್ಟು ಬೇಡ. ಪಾಷಾಣ ತಿಂದ ಇಲಿಯನ್ನು ಗೂಬೆ, ಬೆಕ್ಕು ತಿಂದರೆ ಅವಕ್ಕೂ ಆಪತ್ತು. ಇಲಿ ಬೋನು ಇಡಿ.

ಅಳಿಲು ಒಂದೆರಡು ಸೀಬೆ ಹಣ್ಣು ಕಚ್ಚುತ್ತದೆ. ಗಿಳಿ ಒಂದು ಹಿಡಿ ಜೋಳ ತಿನ್ನುತ್ತದೆ. ನಷ್ಟ ಇಲ್ಲ ಅಂತ ನಾನು ಹೇಳೋದಿಲ್ಲ. ಬಡವರ ಮನೆಯಲ್ಲಿ ಒಂದು ಹಣ್ಣಿಗೂ ಬೆಲೆ ಇದೆ. ಬೇಕಾದ ಹಣ್ಣಿಗೆ ಬಟ್ಟೆ ಕಟ್ಟಿ ಕಾಪಾಡಿಕೊಳ್ಳಿ. ತುದಿ ಕೊಂಬೆಯ ನಾಲ್ಕು ಹಣ್ಣು ಅವಕ್ಕೆ ಬಿಡಿ. ಅವು ಮಾಡೋ ಕೆಲಸದ ಮುಂದೆ ಅದು ಚಿಕ್ಕ ಕೂಲಿ.

ಓದಿ ಆಯಿತೇ? ಈಗ ಗುಂಪಿನಲ್ಲಿ ಕೂತು ಮಾತಾಡಿ

1. ನಿಮ್ಮ ಹಿತ್ತಿಲಿಗೆ ಯಾವ ಯಾವ ಪ್ರಾಣಿ, ಹಕ್ಕಿ ಬರುತ್ತವೆ? ಹತ್ತು ಹೆಸರು ನಿಮ್ಮ ಕೈಯಾರೆ ಬರೆಯಿರಿ.
2. ಅವುಗಳ ಬಗ್ಗೆ ನೀವು ಕೇಳಿದ ಮಾತುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು?
3. ಮೊದಲು ಇದ್ದು ಈಗ ಕಾಣದ ಹಕ್ಕಿ ಯಾವುದು? ಮನೆಯ ಅಜ್ಜಿಯನ್ನು ಕೇಳಿ ಬರೆದುಕೊಂಡು ಬನ್ನಿ.